ಪುಕ್ಕಟೆ ಹಂಚಿದ ಪುಟಾಣಿ ಕಾಮಿಕ್ಸ್ (1940–60): ಸಂಗ್ರಹಿಸುವವರು ಯಾರಾದರೂ ಇದ್ದೀರಾ?

ಓಹಾಯೋ_ಓದುಗ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಕೊಲಂಬಸ್‌ನಲ್ಲಿ. ಹಳೇ ಕಾಮಿಕ್ಸ್ ಅಂದ ಕೂಡಲೇ ಜನ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಮೊದಲ ಸಂಚಿಕೆಗಳ ಬೆಲೆ ಮಾತಾಡುತ್ತಾರೆ. ನನಗೆ ಇಷ್ಟವಾದದ್ದು ಬೇರೆ ಜಾತಿ. ಅಂಗಡಿಯವರು ಮಕ್ಕಳಿಗೆ ಸುಮ್ನೆ ಕೊಟ್ಟ ಕಾಮಿಕ್ಸ್. ಬೂಟು ಕೊಂಡರೆ ಒಂದು ಪುಸ್ತಕ. ಬೆಳಗಿನ ತಿಂಡಿಗೆ ತಿನ್ನುವ ಸೀರಿಯಲ್ ಡಬ್ಬದ ಜೊತೆ ಒಂದು ಪುಸ್ತಕ. ಹೋಟೆಲಿಗೆ ಹೋದರೆ ಊಟ ಬರುವ ತನಕ ಓದಲು ಒಂದು ಪುಸ್ತಕ. ಎಷ್ಟೋ ಪುಸ್ತಕಗಳು ಅಂಗೈಗಿಂತ ಸ್ವಲ್ಪ ದೊಡ್ಡವು, ಅಷ್ಟೆ.

ಈಗ ನನ್ನ ಕೈಲಿ 1947ರಲ್ಲಿ ಚೀರಿಯೋಸ್ ಸೀರಿಯಲ್‌ನವರು ಕೊಟ್ಟ ಪುಸ್ತಕಗಳು ಕೆಲವು ಇವೆ. ಡಿಸ್ನಿ ಪಾತ್ರಗಳು, 32 ಪುಟ, ಸುಮಾರು ಮೂರು ಇಂಚು ಅಗಲ, ಏಳು ಇಂಚು ಉದ್ದ. ಡಬ್ಲ್ಯೂ, ಎಕ್ಸ್, ವೈ, ಝಡ್ ಅಂತ ನಾಲ್ಕು ಸೆಟ್. ಒಂದೊಂದರಲ್ಲಿ ನಾಲ್ಕು ಪುಸ್ತಕ. ಒಟ್ಟು 16. ವೈ ಸೆಟ್ ಪೂರ್ತಿ ಮಾಡಬೇಕು ಅಂತ ಆಸೆ. ಇಂಥದ್ದನ್ನು ಕೂಡಿಡುವ ಕನ್ನಡದವರು ಇಲ್ಲಿದ್ದರೆ ಮಾತಾಡೋಣ. ಹಾಗೇ ಒಂದು ಪ್ರಶ್ನೆ: ಪುಸ್ತಕದ ಮೇಲೆ ಅಂಟಿರುವ ಹಳೇ ಟೇಪನ್ನು ನೀವು ತೆಗೆಯುತ್ತೀರಾ, ಬಿಡುತ್ತೀರಾ?

ರಾಜಾಜಿನಗರ_ಓದುಗ:
ಸರ್, ಕೇಳುತ್ತೇನೆ ಅಂತ ಬೇಜಾರು ಮಾಡ್ಕೋಬೇಡಿ. ಇವು ಜಾಹೀರಾತು ತಾನೇ? ಕತೆ ಚೆನ್ನಾಗಿರುತ್ತಾ? ನಾನು ಇಂದ್ರಜಾಲ, ಕಮಾಂಡೋ ಕಾಮಿಕ್ಸ್ ಕೂಡಿಡುವವನು. ಓದೋಕೆ ಆಗದ ಪುಸ್ತಕ ಇಟ್ಕೊಂಡು ಏನು ಮಾಡೋದು?

ಓಹಾಯೋ_ಓದುಗ:
ಬೇಜಾರೇನಿಲ್ಲ, ಕೇಳಲೇಬೇಕಾದ ಪ್ರಶ್ನೆ. ಕೆಲವು ನಿಜಕ್ಕೂ ಸಪ್ಪೆ. ಆದರೆ ‘ಮಾರ್ಚ್ ಆಫ್ ಕಾಮಿಕ್ಸ್’ ಅಂತ ಒಂದು ಸರಣಿ ಇದೆ. 1946ರಿಂದ 1982ರ ತನಕ ಬಂತು, 488 ಸಂಚಿಕೆ. ಹೆಸರು ಕೆ.ಕೆ. ಪಬ್ಲಿಕೇಶನ್ಸ್‌ನದು, ಹಿಂದಿದ್ದದ್ದು ವಿಸ್ಕಾನ್ಸಿನ್‌ನ ರಸೀನ್ ಊರಿನ ವೆಸ್ಟರ್ನ್ ಪ್ರಿಂಟಿಂಗ್. ಡೆಲ್ ಕಾಮಿಕ್ಸ್ ತಯಾರಿಸುತ್ತಿದ್ದದ್ದೂ ಅವರೇ. ಹಾಗಾಗಿ ಡಿಸ್ನಿ, ಕೌಬಾಯ್ ಸಿನಿಮಾ ನಟರಾದ ರಾಯ್ ರೋಜರ್ಸ್, ಜೀನ್ ಆಟ್ರಿ ಎಲ್ಲರ ಹಕ್ಕೂ ಅವರ ಹತ್ತಿರ ಇತ್ತು. ಕಾಸು ಕೊಟ್ಟು ಕೊಳ್ಳುವ ಪುಸ್ತಕಕ್ಕೆ ಬರೆಯುತ್ತಿದ್ದ ಕಲಾವಿದರೇ ಪುಕ್ಕಟೆ ಪುಸ್ತಕಕ್ಕೂ ಬರೆದರು.

ಬೂಟಿನ ಅಂಗಡಿಯವರು, ಸಿಯರ್ಸ್‌ನಂಥ ದೊಡ್ಡ ಮಳಿಗೆಯವರು ಇವನ್ನು ಸಗಟಾಗಿ ಕೊಂಡು, ತಮ್ಮ ಹೆಸರು ಹಾಕಿಸಿ ಹಂಚುತ್ತಿದ್ದರು. ನಮ್ಮ ಕಿರಾಣಿ ಅಂಗಡಿಯವರು ಹೊಸ ವರ್ಷಕ್ಕೆ ಹೆಸರು ಹಾಕಿಸಿ ಕ್ಯಾಲೆಂಡರ್ ಕೊಡುತ್ತಾರಲ್ಲ, ಹಾಗೆ. ಮೊದಲಿನವು ಮಾಮೂಲಿ ಕಾಮಿಕ್ಸ್ ಅಳತೆಗೆ ಹತ್ತಿರ ಇದ್ದವು. ಆಮೇಲೆ ಕುಗ್ಗುತ್ತಾ ಹೋಗಿ ಪುಟಾಣಿಯಾದವು.

ಅದರ 4ನೇ ಸಂಚಿಕೆ ‘ಮಹಾರಾಜಾ ಡೊನಾಲ್ಡ್’. 1947. ಬರೆದು ಚಿತ್ರಿಸಿದ್ದು ಕಾರ್ಲ್ ಬಾರ್ಕ್ಸ್. ಆಗ ಪುಸ್ತಕದ ಮೇಲೆ ಅವರ ಹೆಸರೇ ಇರುತ್ತಿರಲಿಲ್ಲ. ವಾಲ್ಟ್ ಡಿಸ್ನಿ ಹೆಸರು ಮಾತ್ರ. ಓದುಗರು ಅವರನ್ನು ‘ಚೆನ್ನಾಗಿ ಬಾತುಕೋಳಿ ಬರೆಯುವವನು’ ಅಂತ ಗುರುತಿಟ್ಟುಕೊಂಡಿದ್ದರು. ಅಭಿಮಾನಿಗಳಿಗೆ ಹೆಸರು ಗೊತ್ತಾಗಿದ್ದು 1960ರ ಹೊತ್ತಿಗೆ. ಈ ಕತೆಯಲ್ಲಿ ಡೊನಾಲ್ಡ್‌ನ ಮೂವರು ಪುಟ್ಟ ಅಳಿಯಂದಿರಿಗೆ ಕೆಲಸ ಮಾಡಿದ್ದಕ್ಕೆ ಸಿಗುವುದು ಒಂದು ಪೆನ್ಸಿಲ್ ಚೂರು. ಅದನ್ನು ಕೊಟ್ಟು ಇನ್ನೊಂದು, ಇನ್ನೊಂದು ಕೊಟ್ಟು ಮತ್ತೊಂದು ಅಂತ ಬದಲಾಯಿಸುತ್ತಾ ಹೋಗಿ ಕೊನೆಗೆ ಭಾರತಕ್ಕೆ ಹೋಗುವ ಹಡಗಿನ ಟಿಕೆಟ್ ಗಿಟ್ಟಿಸುತ್ತಾರೆ. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಅಮೆರಿಕದ ಮಗು ಅಂಗಡಿಯಿಂದ ಪುಕ್ಕಟೆ ತಂದು ಓದಿದ ಭಾರತ ಇದು. ಮಹಾರಾಜರು, ಅರಮನೆ, ಹುಲಿ. ಅವರ ಕಲ್ಪನೆಯ ಭಾರತ, ನಮ್ಮದಲ್ಲ. ಆದರೂ ಕತೆ ಕಟ್ಟಿರುವ ರೀತಿ ನೋಡಿದರೆ ಪುಸ್ತಕ ಕೆಳಗಿಡೋಕೆ ಮನಸ್ಸು ಬರಲ್ಲ.

ಕಮಲತ್ತೆ_ನ್ಯೂಜೆರ್ಸಿ:
ನಾನೂ ಇದ್ದೇನಪ್ಪಾ. ನನ್ನ ಹತ್ತಿರ ಇರುವುದು ಹೆಚ್ಚಾಗಿ ‘ಅಡ್ವೆಂಚರ್ಸ್ ಆಫ್ ದ ಬಿಗ್ ಬಾಯ್’. ಬಿಗ್ ಬಾಯ್ ಹೋಟೆಲುಗಳಲ್ಲಿ ಮಕ್ಕಳಿಗೆ ಕೊಡುತ್ತಿದ್ದರು. ನನ್ನ ಮಗ ಚಿಕ್ಕವನಿದ್ದಾಗ ಅವನಿಗೆ ಸಿಕ್ಕವು ಹಾಗೇ ಉಳಿದವು. ಆಮೇಲೆ ಹಳೆಯವನ್ನು ಹುಡುಕೋಕೆ ಶುರು ಮಾಡಿದೆ. ಮೊದಲ ಸಂಚಿಕೆ 1956ರದು. ಬರೆದವರು ಯಾರು ಗೊತ್ತಾ? ಸ್ಟ್ಯಾನ್ ಲೀ. ಸ್ಪೈಡರ್‌ಮ್ಯಾನ್ ಬರೋಕೆ ಇನ್ನೂ ಆರು ವರ್ಷ ಇತ್ತು. ಚಿತ್ರ ಬಿಲ್ ಎವರೆಟ್ ಅವರದು. ಒಂದೇ ಸಂಚಿಕೆ ಎರಡು ಬಗೆಯಲ್ಲಿ ಬರುತ್ತಿತ್ತು. ಒಂದರಲ್ಲಿ ಆ ದಪ್ಪ ಹುಡುಗನ ಕೂದಲು ಕಪ್ಪು, ಇನ್ನೊಂದರಲ್ಲಿ ಹೊಂಬಣ್ಣ. ಎರಡೂ ಇಟ್ಕೋಬೇಕು ಅನ್ನೋದು ನನ್ನ ಹಟ.

ನನ್ನ ಪುಸ್ತಕಗಳಲ್ಲಿ ಪದಬಂಧ ತುಂಬಿರುತ್ತೆ. ಬಣ್ಣ ಬಳಿದಿರುತ್ತಾರೆ. ಮಗುವಿನ ಹೆಸರು ಗೀಚಿರುತ್ತೆ. ಅಂಥದ್ದನ್ನೇ ಹುಡುಕಿ ತಗೋತೀನಿ. ಒಂದು ಮಗು ಇದನ್ನು ನಿಜಕ್ಕೂ ಓದಿದೆ ಅಂತ ಗೊತ್ತಾಗುತ್ತಲ್ಲ.

ಮಿಂಟ್_ಸಂಗ್ರಹ:
ಕಮಲತ್ತೆ, ನಿಮ್ಮ ಪ್ರೀತಿ ಅರ್ಥವಾಗುತ್ತೆ. ಆದರೆ ಹೊಸದಾಗಿ ಶುರು ಮಾಡುವವರಿಗೆ ಈ ಸಲಹೆ ಬೇಡ. ಬಣ್ಣ ಬಳಿದ ಪ್ರತಿಯನ್ನು ನಾಳೆ ಮಾರೋಕೆ ಹೋದರೆ ಕೇಳುವವರಿಲ್ಲ. ಇಂಥ ಪುಸ್ತಕ ಸಾವಿರಗಟ್ಟಲೆ ಅಚ್ಚಾಗಿರುತ್ತೆ, ಉಳಿದಿರುವುದು ಕೆಲವೇ. ಉಳಿದದ್ದರಲ್ಲಿ ಚೆನ್ನಾಗಿರುವುದನ್ನು ಆರಿಸಿ, ಗ್ರೇಡ್ ಮಾಡಿಸಿ (ಎಷ್ಟು ಚೆನ್ನಾಗಿದೆ ಅಂತ ಅಂಕ ಹಾಕಿಸಿ), ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿಸಿಟ್ಟರೆ ಮುಂದಿನ ನೂರು ವರ್ಷಕ್ಕೆ ಉಳಿಯುತ್ತೆ. ಅದೇ ನಿಜವಾದ ಕಾಳಜಿ ಅಂತ ನನ್ನ ನಂಬಿಕೆ. ಹಳೇ ಟೇಪ್ ಇದ್ದರೆ ನಾನು ಕೊಳ್ಳುವುದೇ ಇಲ್ಲ.

ಓಹಾಯೋ_ಓದುಗ:
ಮಿಂಟ್ ಅವರೇ, ಅಂಗಡಿಯಲ್ಲಿ ಮಾರಿದ ಕಾಮಿಕ್ಸ್ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಇಲ್ಲಿ ಒಪ್ಪಲ್ಲ. ಕಾರಣ ಹೇಳುತ್ತೇನೆ.

1946ರಲ್ಲಿ ವೀಟೀಸ್ ಸೀರಿಯಲ್ ಜೊತೆ ನಾಲ್ಕು ಪುಸ್ತಕ ಕೊಟ್ಟರು. ಕ್ಯಾಪ್ಟನ್ ಮಾರ್ವೆಲ್ ಅಡ್ವೆಂಚರ್ಸ್, ವಿಝ್ ಕಾಮಿಕ್ಸ್, ಫ್ಲ್ಯಾಶ್ ಕಾಮಿಕ್ಸ್, ಫನ್ನಿ ಸ್ಟಫ್. ಮಾಮೂಲಿ ಕಾಮಿಕ್ಸ್‌ಗಿಂತ ಚಿಕ್ಕವು, 32 ಪುಟ. ಇವನ್ನು ಡಬ್ಬದ ಒಳಗೆ ಹಾಕಲಿಲ್ಲ. ಡಬ್ಬದ ಹೊರಗೆ ಟೇಪಿನಿಂದ ಅಂಟಿಸಿದರು. ಮಗು ಮಾಡುವುದೇನು? ಕಿತ್ತುಕೊಳ್ಳುತ್ತೆ. ಹಾಗಾಗಿ ಈ ನಾಲ್ಕರ ಹೊಚ್ಚ ಹೊಸ ಪ್ರತಿ ಅನ್ನುವುದು ಜಗತ್ತಿನಲ್ಲೇ ಇಲ್ಲ. ಅಂಟಿನ ಕಲೆ, ಹರಿದ ಮೂಲೆ ಇದ್ದರೇನೇ ಆ ಪುಸ್ತಕ ಡಬ್ಬದಿಂದ ಮಗುವಿನ ಕೈಗೆ ಹೋದದ್ದಕ್ಕೆ ಸಾಕ್ಷಿ. ಅದನ್ನು ದೋಷ ಅಂತ ಲೆಕ್ಕ ಹಾಕುವುದು ನನಗೆ ಸರಿ ಕಾಣಲ್ಲ.

ಬೂಟಿನ ಅಂಗಡಿಯ ಹೆಸರೂ ಹಾಗೇ. ಹಿಂಬದಿಯಲ್ಲಿ ಯಾವುದೋ ಸಣ್ಣ ಊರಿನ ಅಂಗಡಿಯ ವಿಳಾಸ ಇರುತ್ತೆ. ಆ ಅಂಗಡಿ ಈಗ ಇಲ್ಲ, ಆ ಬೀದಿಯೂ ಬದಲಾಗಿರುತ್ತೆ. ಒಂದೇ ಸಂಚಿಕೆಯ ಪ್ರತಿಗಳು ಬೇರೆ ಬೇರೆ ಅಂಗಡಿಯ ಹೆಸರಿನಲ್ಲಿ ಸಿಗುತ್ತವೆ. ಯಾರು, ಎಲ್ಲಿ, ಯಾವ ವ್ಯಾಪಾರಕ್ಕೆ ಹಂಚಿದರು ಅನ್ನುವುದು ಅಲ್ಲೇ ತಿಳಿಯುವುದು. ಕವಚದಲ್ಲಿ ಮುಚ್ಚಿದ ಮೇಲೆ ಪುಟ ತಿರುವೋಕೂ ಆಗಲ್ಲ ಅಲ್ವಾ?

ಮಿಂಟ್_ಸಂಗ್ರಹ:
ವೀಟೀಸ್ ವಿಷಯ ಸರಿ, ಅಲ್ಲಿ ಬೇರೆ ದಾರಿಯಿಲ್ಲ. ಆದರೆ ಚೀರಿಯೋಸ್ ಪುಸ್ತಕ ಅಂಚೆಯಲ್ಲಿ ಬಂದದ್ದು. ಅದರಲ್ಲಿ ಶುಭ್ರವಾದ ಪ್ರತಿಗಳು ಸಿಗುತ್ತವೆ. ಸಿಗುವಾಗ ಹರಿದದ್ದು ಯಾಕೆ? ಇಷ್ಟು ಮಾತ್ರ ನನ್ನ ವಾದ.

ಓಹಾಯೋ_ಓದುಗ:
ಅದು ನ್ಯಾಯವಾದ ಮಾತು. ಎರಡೂ ಸಿಕ್ಕರೆ ನಾನೂ ಶುಭ್ರವಾದದ್ದನ್ನೇ ತಗೋತೀನಿ. ನಾನು ಬೇಡ ಅನ್ನುವುದು ಗುರುತು ಇರುವುದನ್ನು ಒರೆಸಿ, ಉಜ್ಜಿ, ಅಂಚು ಕತ್ತರಿಸಿ ಹೊಸದು ಮಾಡುವುದನ್ನು. ಈ ಅಳತೆಯ ಪುಸ್ತಕದಲ್ಲಿ ಅಂಚು ಕತ್ತರಿಸಿದರೆ ಬೇಗ ಗೊತ್ತಾಗಲ್ಲ. ಅದಕ್ಕೇ ಮೋಸ ಜಾಸ್ತಿ. ಕೊಳ್ಳುವ ಮೊದಲು ಅಳತೆ ಕೇಳಿ. ಸ್ಕೇಲ್ ಪಕ್ಕದಲ್ಲಿಟ್ಟು ಫೋಟೊ ಕಳಿಸಿ ಅನ್ನಿ.

ಹಾಳೆ_ಮೈಸೂರು:
ಟೇಪಿನ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ನಾನು ಹಳೇ ಕಾಗದ ಕಾಪಾಡುವ ಕೆಲಸದಲ್ಲಿದ್ದೇನೆ.

ಆ ಕಾಲದ ಪಾರದರ್ಶಕ ಟೇಪಿನಲ್ಲಿ ರಬ್ಬರ್ ಜಾತಿಯ ಅಂಟು ಇರುತ್ತೆ. ಮೊದಲು ಅದು ಹಳದಿಯಾಗುತ್ತೆ. ಆಮೇಲೆ ಎಣ್ಣೆ ಬಿಟ್ಟುಕೊಂಡು ಕಾಗದದೊಳಗೆ ಇಳಿಯುತ್ತೆ. ಕೊನೆಗೆ ಟೇಪಿನ ಮೇಲಿನ ಪಾರದರ್ಶಕ ಹಾಳೆ ಒಣಗಿ ತಾನಾಗೇ ಉದುರುತ್ತೆ, ಕಂದು ಕಲೆ ಉಳಿಯುತ್ತೆ. ಉದುರುವ ಹಂತಕ್ಕೆ ಬಂದಿದ್ದರೆ ಮೇಲಿನ ಹಾಳೆ ಬಿದ್ದುಹೋಗಲಿ, ಕಲೆ ಮುಟ್ಟಬೇಡಿ. ಇನ್ನೂ ಗಟ್ಟಿಯಾಗಿ ಅಂಟಿದ್ದರೆ ಎಳೆಯಲೇಬೇಡಿ. ಎಳೆದರೆ ಟೇಪಿನ ಜೊತೆ ಬಣ್ಣವೂ ಬರುತ್ತೆ. ಮನೆಯಲ್ಲಿ ಪೆಟ್ರೋಲು, ಥಿನ್ನರ್ ಹಚ್ಚುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಶಾಯಿ ಕರಗಿ ಹರಡುತ್ತೆ. ತೆಗೆಯಲೇಬೇಕು ಅಂದರೆ ತರಬೇತಿ ಆದವರ ಕೈಗೆ ಕೊಡಿ.

ಹರಿದ ಕಡೆ ಹೊಸ ಟೇಪ್ ಹಾಕುವುದಂತೂ ಬೇಡವೇ ಬೇಡ.

ಅದಕ್ಕಿಂತ ದೊಡ್ಡ ಶತ್ರು ಕಾಗದವೇ. ಕಾಮಿಕ್ಸ್ ಒಳಪುಟಗಳು ಪತ್ರಿಕೆಯ ಕಾಗದ. ಮರವನ್ನು ಅರೆದು ಮಾಡಿದ್ದು. ಅದರಲ್ಲಿ ಉಳಿದ ಲಿಗ್ನಿನ್ ಅನ್ನುವ ಮರದ ಅಂಶ ಬೆಳಕು, ಗಾಳಿಗೆ ಹಳದಿಯಾಗುತ್ತೆ, ಆಮ್ಲ ಹೆಚ್ಚಾಗಿ ಪುಡಿಯಾಗುತ್ತೆ. ಪುಕ್ಕಟೆ ಪುಸ್ತಕಗಳಲ್ಲಿ ಎಷ್ಟೋ ಸಲ ಬೇರೆ ರಟ್ಟೂ ಇರಲ್ಲ. ಒಳಗಿನ ಕಾಗದವೇ ಹೊದಿಕೆ. ಹಾಗಾಗಿ ಬೇಗ ಹಾಳಾಗುತ್ತವೆ. ಪಾಲಿಯೆಸ್ಟರ್ ಕವರ್ ಬಳಸಿ, ಮೈಲಾರ್ ಅನ್ನುತ್ತಾರಲ್ಲ, ಅದು. ಹಿಂದೆ ಆಮ್ಲವಿಲ್ಲದ ರಟ್ಟು. ಪಿವಿಸಿ ಕವರ್ ಬೇಡ, ಅದು ಅಂಟಿಕೊಳ್ಳುತ್ತೆ. ಪುಟಾಣಿ ಪುಸ್ತಕಕ್ಕೆ ದೊಡ್ಡ ಕವರ್ ಹಾಕಿದರೆ ಒಳಗೆ ಓಡಾಡಿ ಮೂಲೆ ಮಡಚುತ್ತೆ. ಅಳತೆಗೆ ತಕ್ಕದ್ದನ್ನೇ ತಗೊಳ್ಳಿ.

ಮಲೆನಾಡ_ಮನೆ:
ಮೇಡಂ, ನಮ್ಮ ಕಡೆ ಮಳೆಗಾಲದಲ್ಲಿ ಏನು ಮಾಡೋದು? ಕಪಾಟಿನಲ್ಲಿ ಬಟ್ಟೆಯೇ ಬೂಷ್ಟು ಹಿಡಿಯುತ್ತೆ. ಪುಸ್ತಕಕ್ಕೆ ನುಸಿಗುಳಿಗೆ ಇಡುತ್ತಿದ್ದೇನೆ.

ಹಾಳೆ_ಮೈಸೂರು:
ನುಸಿಗುಳಿಗೆ ಬೇಡ. ಆ ವಾಸನೆ ಕಾಗದಕ್ಕೆ ಹಿಡಿದರೆ ಹೋಗಲ್ಲ, ಓದುವವರ ಆರೋಗ್ಯಕ್ಕೂ ಒಳ್ಳೆಯದಲ್ಲ. ಗಟ್ಟಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಆಗಾಗ ಬಿಸಿ ಮಾಡಿ ಮತ್ತೆ ಬಳಸಿ. ಗೋಡೆಗೆ ಒತ್ತಿ ಇಡಬೇಡಿ. ಬಿಸಿಲು ಬಂದ ದಿನ ತೆರೆದು ಗಾಳಿಯಾಡಿಸಿ, ಆದರೆ ಬಿಸಿಲಿಗೇ ಹಾಕಬೇಡಿ. ಪಿನ್ನು ತುಕ್ಕು ಹಿಡಿದಿದ್ದರೆ ನಡುವಿನ ಪುಟ ಮೊದಲು ಕಳಚುತ್ತೆ, ಅದನ್ನು ಗಮನಿಸುತ್ತಿರಿ.

ಧಾರವಾಡ_ಮಾಸ್ತರ:
ಎಲ್ಲರ ಮಾತೂ ಓದಿದೆ. ಒಂದು ಪುಸ್ತಕದ ಹೆಸರು ಯಾರೂ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

‘ಮಾರ್ಟಿನ್ ಲೂಥರ್ ಕಿಂಗ್ ಅಂಡ್ ದ ಮಾಂಟ್‌ಗೊಮರಿ ಸ್ಟೋರಿ’. 16 ಪುಟ. 1957ರ ಕೊನೆಗೆ ಬಂತು. ಪ್ರಕಟಿಸಿದ್ದು ಫೆಲೋಶಿಪ್ ಆಫ್ ರಿಕನ್ಸಿಲಿಯೇಶನ್ ಅನ್ನುವ ಶಾಂತಿವಾದಿ ಸಂಘ. ಎರಡೂವರೆ ಲಕ್ಷ ಪ್ರತಿ ಹಾಕಿಸಿದರು. ಪೇಟೆಯ ಸ್ಟಾಂಡಿಗೆ ಹೋಗಲಿಲ್ಲ. ಚರ್ಚು, ಶಾಲೆ, ಸಭೆಗಳ ಮೂಲಕ ಕೈಯಿಂದ ಕೈಗೆ ಹೋಯಿತು. ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಸೀಟು ಬಿಡದೆ ಇದ್ದದ್ದು, ಆಮೇಲೆ ನಡೆದ ಬಸ್ ಬಹಿಷ್ಕಾರ, ಎಲ್ಲ ಅದರಲ್ಲಿದೆ. ಗಾಂಧೀಜಿ ಬ್ರಿಟಿಷರ ಎದುರು ಹೇಗೆ ನಿಂತರು ಅನ್ನುವ ಪುಟಗಳೂ ಇವೆ. ಕೊನೆಗೆ ಅಹಿಂಸೆಯ ಚಳವಳಿ ನಡೆಸುವುದು ಹೇಗೆ ಅಂತ ಹಂತ ಹಂತವಾಗಿ ಹೇಳಿಕೊಟ್ಟಿದ್ದಾರೆ. ಮುಂದೆ ಸಂಸದರಾದ ಜಾನ್ ಲೂಯಿಸ್ ಹರೆಯದಲ್ಲಿ ಇದನ್ನು ಓದಿದ್ದರು. ಅದರ ನೆನಪೇ ಅವರು 2013ರಿಂದ ತಮ್ಮ ಬದುಕನ್ನು ಕಾಮಿಕ್ಸ್ ರೂಪದಲ್ಲಿ ಹೇಳೋಕೆ ಒಂದು ಕಾರಣ.

ರಾಜಾಜಿನಗರದವರು ‘ಜಾಹೀರಾತು ತಾನೇ’ ಅಂದರಲ್ಲ, ಅವರಿಗಾಗಿ ಇದನ್ನು ಹೇಳಿದೆ. ಇನ್ನೊಂದು ವಿಷಯ ಕೇಳಿದರೆ ಅವರಿಗೆ ಖುಷಿಯಾಗುತ್ತದೆ. ಇದರ ಚಿತ್ರ ಬರೆದವರು ಯಾರು ಅಂತ ಬಹಳ ವರ್ಷ ತಿಳಿದಿರಲಿಲ್ಲ. ಈಚೆಗೆ ಸೈ ಬ್ಯಾರಿ ಅಂತ ಗುರುತಿಸಿದ್ದಾರೆ. 1961ರಿಂದ 1994ರ ತನಕ ಫ್ಯಾಂಟಮ್ ಚಿತ್ರಿಸಿದರಲ್ಲ, ಅವರೇ!

ರಾಜಾಜಿನಗರ_ಓದುಗ:
ಮಾಸ್ತರೇ, ಇದು ಗೊತ್ತೇ ಇರಲಿಲ್ಲ! ಇಂದ್ರಜಾಲ ಕಾಮಿಕ್ಸ್ 1964ರ ಮಾರ್ಚಿನಲ್ಲಿ ಫ್ಯಾಂಟಮ್‌ನಿಂದಲೇ ಶುರುವಾಗಿದ್ದು. ನನ್ನ ಬಳಿ ಕನ್ನಡದ ಇಂದ್ರಜಾಲಗಳೂ ಇವೆ. ಅದೇ ಕೈ ಗಾಂಧೀಜಿಯನ್ನೂ ಬರೆದಿದೆ ಅಂದರೆ ಆ ಪುಸ್ತಕ ನನಗೆ ಬೇಕೇ ಬೇಕು. ಎಲ್ಲಿ ಸಿಗುತ್ತೆ?

ಧಾರವಾಡ_ಮಾಸ್ತರ:
ಮೂಲ ಪ್ರತಿ ದುಬಾರಿ. ಓದೋಕೆ ಮರುಮುದ್ರಣ ಸಿಗುತ್ತದೆ. ಆದರೆ ಮರುಮುದ್ರಣವನ್ನು ಮೂಲ ಅಂತ ಮಾರುವವರೂ ಇದ್ದಾರೆ. ಕಾಗದ ಬೆಳ್ಳಗೆ, ನಯವಾಗಿದ್ದರೆ ಅನುಮಾನಪಡಿ. 1957ರ ಕಾಗದ ಅಷ್ಟು ಬೆಳ್ಳಗೆ ಇರೋಕೆ ಸಾಧ್ಯವಿಲ್ಲ.

ರಾಜಾಜಿನಗರ_ಓದುಗ:
ಸರಿ. ನನ್ನ ಕಡೆಯಿಂದಲೂ ಒಂದು ವಿಷಯ. ಪುಕ್ಕಟೆ ಪುಸ್ತಕ ಅಲ್ಲ, ಆದರೆ ಆ ಕಾಲದ ಅಮೆರಿಕದ ಕಾಮಿಕ್ಸ್‌ಗೂ ಕನ್ನಡಕ್ಕೂ ಇರುವ ನೇರ ನಂಟು. ಅಮರ ಚಿತ್ರ ಕಥೆಯ ಇಂಗ್ಲಿಷ್ ಪಟ್ಟಿಯಲ್ಲಿ ‘ಕೃಷ್ಣ’ ಯಾಕೆ 11ನೇ ನಂಬರು ಅಂತ ಯೋಚಿಸಿದ್ದೀರಾ? ಮೊದಲ ಹತ್ತು ಬಂದದ್ದು ಕನ್ನಡದಲ್ಲಿ, 1965ರ ಹೊತ್ತಿಗೆ, ಬೆಂಗಳೂರಿನಿಂದ. ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅವರ ಯೋಚನೆ ಅದು. ಸಿಂಡರೆಲಾ, ಹಿಮಬಿಳುಪಿನ ರಾಜಕುಮಾರಿ, ಇಂಥ ಪಶ್ಚಿಮದ ಕತೆಗಳು. ‘ಕ್ಲಾಸಿಕ್ಸ್ ಇಲಸ್ಟ್ರೇಟೆಡ್ ಜೂನಿಯರ್’ ಅಂತ 1953ರಲ್ಲಿ ಅಮೆರಿಕದಲ್ಲಿ ಶುರುವಾದ ಸರಣಿಯಿಂದ ತಂದದ್ದು. ಅವನ್ನು ಅವೆನ್ಯೂ ರಸ್ತೆಯ ಹಳೇ ಪುಸ್ತಕದವರ ಹತ್ತಿರ ಕೇಳುತ್ತಲೇ ಇದ್ದೇನೆ. ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ಹಳೇ ಪೇಪರಿನವರಿಗೆ ಹಾಕಬೇಡಿ. ದುಡ್ಡಿಗಲ್ಲದಿದ್ದರೂ ಸ್ಕ್ಯಾನ್ ಮಾಡೋಕೆ ಕೊಡಿ.

ಕಮಲತ್ತೆ_ನ್ಯೂಜೆರ್ಸಿ:
ಬಿಲ್ ಎವರೆಟ್ ಹೆಸರು ಬಂತಲ್ಲ, ಅವರದೇ ಇನ್ನೊಂದು ಕತೆ ಇದೆ. 1939ರಲ್ಲಿ ‘ಮೋಷನ್ ಪಿಕ್ಚರ್ ಫನ್ನೀಸ್ ವೀಕ್ಲಿ’ ಅಂತ ಒಂದು ಪುಸ್ತಕ ತಯಾರಾಯಿತು. ಸಿನಿಮಾ ಮಂದಿರದಲ್ಲಿ ಮಕ್ಕಳಿಗೆ ಪುಕ್ಕಟೆ ಕೊಡಬೇಕು ಅಂತ ಯೋಜನೆ. ಅದು ನಡೆಯಲಿಲ್ಲ. ಮಾದರಿ ಪ್ರತಿಗಳು ಮಾತ್ರ ಉಳಿದವು. ಎವರೆಟ್ ಅವರ ಸಬ್-ಮ್ಯಾರಿನರ್ ಅನ್ನುವ ಪಾತ್ರದ ಕತೆ ಮೊದಲು ಅಚ್ಚಾಗಿದ್ದು ಅದರಲ್ಲೇ. ಆಮೇಲೆ ಅದೇ ಕತೆಗೆ ಪುಟ ಸೇರಿಸಿ ಮಾರ್ವೆಲ್ ಕಾಮಿಕ್ಸ್ ಮೊದಲ ಸಂಚಿಕೆಗೆ ಕೊಟ್ಟರು. ಪುಕ್ಕಟೆ ಪುಸ್ತಕವನ್ನು ಕಡೆಗಣಿಸುವವರಿಗೆ ನಾನು ಇದನ್ನೇ ಹೇಳೋದು.

ಓಹಾಯೋ_ಓದುಗ:
ಹೌದು ಅತ್ತೆ. ಇನ್ನೂ ಹಿಂದಕ್ಕೆ ಹೋದರೆ ಅಮೆರಿಕದ ಕಾಮಿಕ್ ಪುಸ್ತಕದ ಅಳತೆಯೇ ಪುಕ್ಕಟೆ ಹಂಚಿಕೆಯಿಂದ ಬಂತು. 1933ರಲ್ಲಿ ಈಸ್ಟರ್ನ್ ಕಲರ್ ಪ್ರಿಂಟಿಂಗ್‌ನವರು ‘ಫನ್ನೀಸ್ ಆನ್ ಪರೇಡ್’ ಅಂತ 10,000 ಪ್ರತಿ ಮಾಡಿದರು. ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನ ಸೋಪಿನ ಗಿರಾಕಿಗಳಿಗಾಗಿ. ಅದು ಹಿಡಿಸಿತು ಅಂತ ಗೊತ್ತಾದ ಮೇಲೆ, 1934ರಲ್ಲಿ ‘ಫೇಮಸ್ ಫನ್ನೀಸ್’ ಹತ್ತು ಸೆಂಟಿಗೆ ಅಂಗಡಿಗೆ ಬಂತು. ಮಾರುವ ಕಾಮಿಕ್ಸ್ ಆಮೇಲೆ, ಪುಕ್ಕಟೆಯದು ಮೊದಲು.

ಮಾರುವ ಪುಟಾಣಿಗಳೂ ಇದ್ದವು ಅನ್ನಿ. 1941ರಲ್ಲಿ ಹಾರ್ವಿ ‘ಪಾಕೆಟ್ ಕಾಮಿಕ್ಸ್’ ತಂದರು. ನೂರು ಪುಟ, ಹತ್ತು ಸೆಂಟು. ನಾಲ್ಕೇ ಸಂಚಿಕೆಗೆ ನಿಂತಿತು. ಮಕ್ಕಳು ಸುಲಭವಾಗಿ ಜೇಬಿಗೆ ಇಳಿಸುತ್ತಿದ್ದರು, ಅದಕ್ಕೇ ನಿಂತಿತು ಎನ್ನುತ್ತಾರೆ. ವಿಲ್ ಐಸ್ನರ್ 1951ರಿಂದ 1971ರ ತನಕ ಅಮೆರಿಕದ ಸೈನ್ಯಕ್ಕೆ ಮಾಡಿಕೊಟ್ಟ ‘ಪಿ.ಎಸ್.’ ಪತ್ರಿಕೆಯೂ ಪುಟಾಣಿ ಅಳತೆಯದೇ. ಜೀಪು, ಬಂದೂಕು ಕೆಡದಂತೆ ಇಟ್ಟುಕೊಳ್ಳುವುದು ಹೇಗೆ ಅಂತ ಕಾಮಿಕ್ಸ್‌ನಲ್ಲಿ ಹೇಳಿದ್ದು. ಅದು ಇನ್ನೂ ಕಡಿಮೆ ಬೆಲೆಗೆ ಸಿಗುತ್ತೆ, ಹೊಸಬರು ಅಲ್ಲಿಂದ ಶುರು ಮಾಡಬಹುದು.

ಮಿಂಟ್_ಸಂಗ್ರಹ:
ನಿಮ್ಮ ವೈ ಸೆಟ್‌ನಲ್ಲಿ ಯಾವುದು ಬಾಕಿ? ವೈ-1 ಇದೆಯಾ?

ಓಹಾಯೋ_ಓದುಗ:
ಅದೇ ಇಲ್ಲ. ‘ಡೊನಾಲ್ಡ್ ಡಕ್ಸ್ ಆಟಂ ಬಾಂಬ್’. ಅದೂ ಬಾರ್ಕ್ಸ್ ಅವರದೇ. ಹಿರೋಶಿಮಾ ಆಗಿ ಎರಡೇ ವರ್ಷಕ್ಕೆ ಸೀರಿಯಲ್ ಕೊಂಡ ಮಕ್ಕಳಿಗೆ ಅಣುಬಾಂಬಿನ ತಮಾಷೆ ಕತೆ ಕೊಟ್ಟಿದ್ದಾರೆ. ಡೊನಾಲ್ಡ್ ಮಾಡಿದ ಬಾಂಬು ಸಿಡಿದರೆ ಊರಿನವರ ಕೂದಲು ಉದುರುತ್ತೆ, ಅವನು ಕೂದಲು ಬೆಳೆಯುವ ಔಷಧ ಮಾರಿ ದುಡ್ಡು ಮಾಡುತ್ತಾನೆ. ವಿಕಿರಣಕ್ಕೆ ಸಿಕ್ಕವರ ಕೂದಲು ನಿಜಕ್ಕೂ ಉದುರಿತ್ತು. ಅದನ್ನು ನೆನೆದರೆ ಓದುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಮರುಮುದ್ರಣದಲ್ಲಿ ಕೊನೆಯನ್ನು ತಿದ್ದಿದರು. ಅದಕ್ಕೇ ಮೂಲ ಪ್ರತಿಯೇ ಬೇಕು. ಆ ಕಾಲ ಮಕ್ಕಳಿಗೆ ಏನು ಹೇಳಿತು ಅನ್ನುವುದು ತಿದ್ದದ ಪುಟದಲ್ಲಿ ಮಾತ್ರ ಇದೆ.

ಮಿಂಟ್_ಸಂಗ್ರಹ:
ನನ್ನ ಹತ್ತಿರ ವೈ-1 ಎರಡಿದೆ. ಒಂದು ಕವಚದಲ್ಲಿ. ಇನ್ನೊಂದಕ್ಕೆ ಮೇಲೆ ಪೆನ್ಸಿಲ್‌ನಲ್ಲಿ ಹೆಸರು ಬರೆದಿದೆ, ಒಂದು ಮೂಲೆ ಮಡಚಿದೆ, ಅಂಚು ಕತ್ತರಿಸಿಲ್ಲ. ಎರಡನೆಯದು ನಿಮಗೆ ಕೊಡಬಲ್ಲೆ. ಬದಲಿಗೆ ಝಡ್ ಸೆಟ್‌ನ ಏಳು ಕುಳ್ಳರ ಪುಸ್ತಕ ಇದ್ದರೆ ಹೇಳಿ. ಅಳತೆಯ ಫೋಟೊ ಇವತ್ತೇ ಹಾಕುತ್ತೇನೆ.

ಓಹಾಯೋ_ಓದುಗ:
ಝಡ್-3 ಇದೆ! ಎರಡು ಪ್ರತಿ. ಚೆನ್ನಾಗಿರುವುದನ್ನೇ ಕಳಿಸುತ್ತೇನೆ. ಪಿನ್ನು ಗಟ್ಟಿ ಇದೆ, ಹಿಂಬದಿಯಲ್ಲಿ ಸಣ್ಣ ಕಲೆ. ಪೆನ್ಸಿಲ್ ಹೆಸರನ್ನು ಮಾತ್ರ ದಯವಿಟ್ಟು ಅಳಿಸಬೇಡಿ.

ಹಾಳೆ_ಮೈಸೂರು:
ಕಳಿಸುವಾಗ ಇಬ್ಬರೂ ಎರಡು ಗಟ್ಟಿ ರಟ್ಟಿನ ನಡುವೆ ಇಟ್ಟು ಕಳಿಸಿ. ಟೇಪ್ ರಟ್ಟಿಗೆ ಮಾತ್ರ ಹಾಕಿ, ಕವರಿನ ಬಾಯಿಗೆ ಬೇಡ. ತೆಗೆಯುವಾಗ ಪುಸ್ತಕ ಅದಕ್ಕೆ ಅಂಟಿಕೊಳ್ಳುತ್ತೆ.